ಮೂರು ಮಾತಿನ ಮಾಮಾ, ಕಾಳಾಪಾನಿಯಲ್ಲಿ

ಪ್ರತಿ ಸಭೆಯಲ್ಲೂ ಇಂಥವರೊಬ್ಬರು ಇದ್ದೇ ಇರುತ್ತಾರೆ. ನಾನು ಹೇಳುತ್ತಿರುವುದು ಭಾನುವಾರ ಗಂಟೆ ಬಾರಿಸಿದಾಗ ಸೇರುವ ನಮ್ಮ ಕ್ರೈಸ್ತ ಸಭೆಯ ಮಾತು. ಅವರು ಅಯ್ಯನವರಲ್ಲ. ಮಂಗಳೂರಿನ ಬಲ್ಮಠದ ದೇವಜ್ಞಾನ ಕಾಲೇಜಿನ ಮೆಟ್ಟಿಲು ಹತ್ತಿದವರೂ ಅಲ್ಲ. ಹತ್ತಿದ್ದರೆ ಪಾಡಿತ್ತು, ವಾರಕ್ಕೊಂದು ಪ್ರಸಂಗ ಮಾಡಿ ಮಿಕ್ಕ ಆರು ದಿನ ಮಂದಿಯ ಹಾಗೆ ಇರುತ್ತಿದ್ದರು. ಪ್ರಸಂಗಪೀಠ ಕೈಗೆ ಸಿಗದ್ದರಿಂದ ಅವರಿಗೆ ಲೋಕವೆಲ್ಲ ಪ್ರಸಂಗಪೀಠ. ಮದುವೆಯ ಪಂಕ್ತಿಯಲ್ಲಿ ಪಕ್ಕಕ್ಕೆ ಕೂತರೆ ಹಪ್ಪಳದ ಮೇಲೆ ಧ್ಯಾನ. ಆಸ್ಪತ್ರೆಗೆ ನೋಡಲು ಬಂದರೆ ಸಲಾಯಿನ್ ಬಾಟಲಿಯ ಮೇಲೆ. ಸಲಾಯಿನ್ ಹನಿಹನಿಯಾಗಿ ಇಳಿಯುತ್ತದೆ, ಕೃಪೆಯೂ ಹಾಗೇ ಇಳಿಯುತ್ತದೆ ಎನ್ನುತ್ತಾರೆ. ರೋಗಿ ಎದ್ದು ಹೋಗಲಾರ, ಕೇಳುತ್ತಾನೆ.

ನಮ್ಮ ಮಾಮಾ ಈ ಜಾತಿಯ ಶುದ್ಧ ತಳಿ. ಮೂಲ ಬೆಟಗೇರಿ, ನೌಕರಿ ಧಾರವಾಡದ ಅಂಚೆ ಇಲಾಖೆ, ನಿವೃತ್ತಿಗೆ ಇನ್ನು ಕೆಲವೇ ವರ್ಷ. ಎಂಥ ವಿಷಯವಿರಲಿ, ಅದರಲ್ಲಿ ಮೂರು ಮಾತು ಕಾಣುವುದು ಅವರ ವರ. ಕರೆಂಟು ಹೋಯಿತು ಅನ್ನಿ. "ಇದರಾಗ ಮೂರು ಮಾತು ಅದಾವ, ತಮ್ಮಾ. ಮೊದಲನೇದು, ಲೋಕದ ಬೆಳಕು ನೆಚ್ಚಿಗಿ ಅಲ್ಲ. ಎರಡನೇದು, ಕತ್ತಲಾಗ ಸಾಹೇಬನೂ ಜವಾನನೂ ಒಂದ. ಮೂರನೇದು..." ಅಷ್ಟರಲ್ಲಿ ಕರೆಂಟು ಬರುತ್ತದೆ. ಮೂರನೆಯದರಲ್ಲಿ ಮಾಮಾ ಸ್ವಲ್ಪ ವೀಕು. ಅದು ಹೆಚ್ಚಾಗಿ ಮೊದಲನೆಯದೇ ಅಂಗಿ ಬದಲಿಸಿಕೊಂಡು ಬಂದಿರುತ್ತದೆ. ಆದರೂ ಎರಡಕ್ಕೆ ನಿಲ್ಲಿಸುವ ಮನುಷ್ಯರಲ್ಲ. ತ್ರಿಯೇಕ ದೇವರನ್ನು ನಂಬುವವನು ಎರಡೇ ಮಾತಿಗೆ ಕೂತುಬಿಟ್ಟರೆ ಪಾಷಂಡಿಯಾದಾನು ಎಂಬ ಭಯವೋ ಏನೋ.

ಇಂಥ ಮಾಮಾ ಅಂಡಮಾನಿಗೆ ರಜೆಗೆ ಹೋಗುವುದೆಂದರೆ ಸಣ್ಣ ಮಾತಲ್ಲ. ಮುಖ್ಯವಾಗಿ 'ರಜೆ' ಎಂಬುದೇ ಅವರ ಮೈಗೆ ಹೊಂದದ ಸಂಗತಿ. ನಮ್ಮ ಅಜ್ಜಂದಿರನ್ನು ತಿದ್ದಿದವರು ಬಾಸೆಲ್ ಮಿಷನ್ನಿನ ಜರ್ಮನ್, ಸ್ವಿಸ್ ಪಾದ್ರಿಗಳು. 1834ರಲ್ಲಿ ಮಂಗಳೂರಿಗೆ ಬಂದಿಳಿದವರು ಸುವಾರ್ತೆಯ ಬೆನ್ನಿಗೇ ಶಾಲೆ, ಅಚ್ಚುಕೂಟ, ನೇಯ್ಗೆ ಕಾರ್ಖಾನೆ, 1865ರಲ್ಲಿ ಹೆಂಚಿನ ಕಾರ್ಖಾನೆ ಎಂದು ಒಂದರ ಹಿಂದೊಂದು ಹೂಡಿದರು. ದುಡಿಯದ ಭಕ್ತಿ ಅವರಿಗೆ ಗೊತ್ತಿರಲಿಲ್ಲ. ಹೀಗಾಗಿ ನಮ್ಮ ಕಡೆಯ ಹಳೆಯ ತಲೆಗಳಿಗೆ ಸುಮ್ಮನೆ ಕೂತರೆ ಬೆನ್ನ ಹಿಂದೆ ಯಾರೋ ಗಡ್ಡದ ಪಾದ್ರಿ ಗಡಿಯಾರ ಹಿಡಿದು ನಿಂತಂತೆ ಅನ್ನಿಸುತ್ತದೆ. ಮಾಮಾ ಸಮುದ್ರದಂಡೆಯಲ್ಲಿ ಕಾಲು ಚಾಚಿ ಎಳನೀರು ಕುಡಿಯಬೇಕಾದರೆ ಆ ಎಳನೀರಿನಿಂದ ಒಂದು ಪಾಠ ಹಿಂಡಲೇಬೇಕು. ಇಲ್ಲದಿದ್ದರೆ ಅದು ಭೋಗ. ಪಾಠ ಹಿಂಡಿದ ಮೇಲೆ ಅದು ಧ್ಯಾನ. ಆಮೇಲೆ ಇನ್ನೊಂದು ಎಳನೀರು ಕುಡಿಯಬಹುದು.

ಅದಕ್ಕೇ ಹೊರಡುವ ಮುಂಚೆ ಕೂಟದಲ್ಲಿ ಇದನ್ನು ಪ್ರವಾಸ ಎಂದು ಅವರು ಕರೆಯಲೇ ಇಲ್ಲ. "ಕರ್ತನು ನಮ್ಮನ್ನ ದ್ವೀಪಕ್ಕ ಕರಕೊಂಡು ಹೊಂಟಾನ" ಎಂದರು. ಕರೆದುಕೊಂಡು ಹೊರಟದ್ದು ಎಲ್‌ಟಿಸಿ. ಕೇಂದ್ರ ಸರ್ಕಾರದ ನೌಕರರು ಸ್ವಂತ ಊರಿಗೆ ಹೋಗಿಬರುವ ಬದಲು ಅಂಡಮಾನಿಗೆ ವಿಮಾನದಲ್ಲಿ ಹೋಗಬಹುದು ಎಂಬ ವಿಶೇಷ ಸವಲತ್ತೊಂದಿದೆ. ಬೆಟಗೇರಿಗೆ ಬದಲಿ ಅಂಡಮಾನು ಎಂದು ಒಪ್ಪಿದ ಸರ್ಕಾರದ ಔದಾರ್ಯವನ್ನು ಮಾಮಾ ಬಹಳ ದಿನ ಕೊಂಡಾಡಿದರು. "ಎಲ್‌ಟಿಸಿ ಅಂದ್ರ ಕೃಪೆ, ತಮ್ಮಾ. ನಮ್ಮ ಯೋಗ್ಯತಾಕ್ಕ ಸಿಗೂದಲ್ಲ, ಪುಕ್ಕಟೆ ಸಿಗೂದು."

"ಕೃಪೆಗೆ ಬೋರ್ಡಿಂಗ್ ಪಾಸು ತೋರಸೂದು ಇರಂಗಿಲ್ಲ ಮಾಮಾ" ಎಂದೆ. ಅವರು ಕೇಳಿಸಿಕೊಳ್ಳಲಿಲ್ಲ. ಆದರೆ ಆಮೇಲೆ ಬೋರ್ಡಿಂಗ್ ಪಾಸುಗಳನ್ನು ಸತ್ಯವೇದದೊಳಗೆ, ರೋಮಾಪುರದವರಿಗೆ ಬರೆದ ಪತ್ರಿಕೆಯ ಹಾಳೆಗಳ ನಡುವೆ ಇಟ್ಟದ್ದನ್ನು ನೋಡಿದೆ. ಕ್ರಿಯೆಗಳಿಂದಲ್ಲ, ನಂಬಿಕೆಯಿಂದ ಎಂದು ಪೌಲನು ವಾದಿಸುವ ಪತ್ರಿಕೆ ಅದು. ಬಿಲ್ ಪಾಸಾಗುವವರೆಗೆ ಪೌಲನೂ ಮಾಮಾನ ಲೆಕ್ಕದ ಗುಮಾಸ್ತ.

ಮಾಮಿ, ನಾನೂ ಜೊತೆಗೆ ಹೋದೆವು. ದ್ವೀಪ ಮುಟ್ಟಿದ ಮರುದಿನವೇ ಮಾಮಾನಿಗೆ ಮೊದಲ ಆಘಾತ. ಧಾರವಾಡದಲ್ಲಿ ಮಾಮಾ ಬೆಳಗಿನ ಐದಕ್ಕೆ ಏಳುತ್ತಾರೆ. ಲೋಕ ಮಲಗಿರುವಾಗ, ಸೂರ್ಯನಿಗಿಂತ ಮೊದಲು, ತಾವೊಬ್ಬರೇ ಪ್ರಾರ್ಥಿಸುತ್ತೇವೆ ಎಂಬ ಸಂಗತಿಯನ್ನು ಅವರು ನಮ್ರತೆಯಿಂದ ಎಲ್ಲರಿಗೂ ಹೇಳಿದ್ದಾರೆ. ಅಂಡಮಾನು ನಮಗಿಂತ ಬಹಳ ಪೂರ್ವಕ್ಕಿದ್ದರೂ ಗಡಿಯಾರ ಮಾತ್ರ ನಮ್ಮದೇ. ಐದಕ್ಕೆ ಎದ್ದು ಪರದೆ ಸರಿಸಿದರೆ ಹೊರಗೆ ಬಿಸಿಲು ಬಿದ್ದು, ಮೀನುಗಾರರು ದುಡಿದು ವಾಪಸು ಬರುತ್ತಿದ್ದರು. ಮಾಮಾ ಒಂದು ಗಳಿಗೆ ಸುಮ್ಮನೆ ನಿಂತು, "ಮುಂದಿನ ದಿನ ನಾಕಕ್ಕ ಏಳಬೇಕು" ಎಂದರು. ಮಾಮಿ ಮಗ್ಗಲು ಬದಲಿಸಿ, "ನಾಕಕ್ಕ ಎದ್ದರ ಸೂರ್ಯ ಮೂರಕ್ಕ ಏಳತಾನ, ಸುಮ್ಮ ಮಕ್ಕೊಳ್ರಿ" ಎಂದರು.

ಮಾಮಿಯ ಬಗ್ಗೆ ಇಲ್ಲೇ ಒಂದು ಮಾತು ಹೇಳಿಬಿಡುತ್ತೇನೆ. ಮಾಮಿ ಪ್ರಸಂಗ ಮಾಡುವುದಿಲ್ಲ. ಸ್ತ್ರೀಯರ ಕೂಟದಲ್ಲಿ ಪ್ರಾರ್ಥನೆಗೆ ಕರೆದರೆ ನಾಲ್ಕು ಸಾಲಿನಲ್ಲಿ ಮುಗಿಸಿ ಆಮೆನ್ ಎನ್ನುತ್ತಾರೆ. ಇಷ್ಟು ವರ್ಷ ಮಾಮಾನ ಜೊತೆ ಸಂಸಾರ ಮಾಡಿದ್ದಾರೆಂಬುದೇ ಅವರ ದೊಡ್ಡ ಸಾಕ್ಷಿ.

ಹ್ಯಾವ್‌ಲಾಕ್ ದ್ವೀಪಕ್ಕೆ ಹಡಗಿನಲ್ಲಿ ಹೋಗಬೇಕು. ಆ ಹಡಗಿನಲ್ಲಿ ಮಾಮಾ ಮೆಲಿತೆ ದ್ವೀಪವನ್ನು ಕೈಗೆತ್ತಿಕೊಂಡರು. ಅಪೊಸ್ತಲರ ಕೃತ್ಯಗಳ ಕೊನೆಯಲ್ಲಿ ಪೌಲನನ್ನು ಕೈದಿಯಾಗಿ ರೋಮಿಗೆ ಒಯ್ಯುವ ಹಡಗು ಬಿರುಗಾಳಿಗೆ ಸಿಕ್ಕಿ ಒಡೆದು, ಅದರಲ್ಲಿದ್ದ 276 ಜನರೂ ಈಜಿಯೋ ಹಲಗೆ ಹಿಡಿದೋ ದಡ ಸೇರುತ್ತಾರೆ. ಆ ದ್ವೀಪವೇ ಇಂದಿನ ಮಾಲ್ಟಾ. ಎ.ಸಿ. ಹಾಕಿದ, ಟಿವಿಯಲ್ಲಿ ಹಿಂದಿ ಹಾಡು ಓಡುತ್ತಿದ್ದ ಹಡಗಿನಲ್ಲಿ ಕೂತು ಹಡಗು ಒಡೆಯುವ ಕಥೆಯನ್ನು ಏರುದನಿಯಲ್ಲಿ ಹೇಳಬಾರದೆಂದು ಮಾಮಾನಿಗೆ ಹೊಳೆಯಲಿಲ್ಲ. ಮುಂದಿನ ಸಾಲಿನ ನವದಂಪತಿ ಕನ್ನಡದವರಾಗಿದ್ದು, ಹುಡುಗಿ ಲೈಫ್ ಜಾಕೆಟ್ ಎಲ್ಲಿದೆ ಎಂದು ತಡಕಾಡತೊಡಗಿದಳು. ಎರಡನೆಯ ಮಾತಿಗೆ ಬರುವ ಹೊತ್ತಿಗೆ ಹಡಗು ನಿಜಕ್ಕೂ ಹೊಯ್ದಾಡಿತು. ಮಾಮಾನ ಮುಖ ಹಸಿರಾಯಿತು. ಮೂರನೆಯ ಮಾತು ಪ್ಲಾಸ್ಟಿಕ್ ಚೀಲಕ್ಕೆ ಹೋಯಿತು. ಮಾಮಿ ಹತ್ತುವ ಮೊದಲೇ ಅವೊಮಿನ್ ಗುಳಿಗೆ ನುಂಗಿ ಕೂತಿದ್ದರು. "ನಂಬಿಕಿ ಸಾಕು, ಗುಳಗಿ ಬ್ಯಾಡ ಅಂದ್ರಿ" ಎಂದು ಅವರ ಬೆನ್ನು ನೀವುತ್ತ ನೆನಪಿಸಿದರು.

ಸುಧಾರಿಸಿಕೊಂಡ ಮೇಲೆ ಅವರಿಗೆ ಹ್ಯಾವ್‌ಲಾಕ್ ಎಂಬ ಹೆಸರೇ ಸಿಕ್ಕಿತು. ಈ ವಿಷಯಕ್ಕೆ ಮಾಮಾ ಊರಲ್ಲೇ ತಯಾರಿ ಮಾಡಿಕೊಂಡಿದ್ದರು, ಮತ್ತು ಅವರು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಜನರಲ್ ಹೆನ್ರಿ ಹ್ಯಾವ್‌ಲಾಕ್ ಪಕ್ಕಾ ಬ್ಯಾಪ್ಟಿಸ್ಟ್. ಸೈನಿಕರನ್ನು ಕೂಡಿಸಿ ಸತ್ಯವೇದ ಓದಿಸುತ್ತಿದ್ದವನು. ಅವನ ದಂಡಿನವರನ್ನು 'ಹ್ಯಾವ್‌ಲಾಕನ ಸಂತರು' ಎಂದು ಗೇಲಿ ಮಾಡುತ್ತಿದ್ದರು. 1829ರಲ್ಲಿ ಅವನು ಮದುವೆಯಾದದ್ದು ಸೆರಾಂಪುರದ ಮಿಷನರಿ ಜೋಶುವಾ ಮಾರ್ಷ್‌ಮನ್ ಅವರ ಮಗಳನ್ನು. ಆ ಸೆರಾಂಪುರದ ಅಚ್ಚುಕೂಟದಲ್ಲೇ 1817ರಲ್ಲಿ ವಿಲಿಯಂ ಕೇರಿಯ ಕನ್ನಡ ವ್ಯಾಕರಣ ಅಚ್ಚಾದದ್ದು. "ಅಂದ್ರ ತಮ್ಮಾ, ಈ ದ್ವೀಪಕ್ಕೂ ನಮ್ಮ ಕನ್ನಡಕ್ಕೂ ಬೀಗತನ ಐತಿ ಅಂದಂಗಾತು" ಎಂದು ಮಾಮಾ ಹಿಗ್ಗಿದರು. ಭಕ್ತ, ಯೋಧ, ಕನ್ನಡದ ಬೀಗ: ಮೂರು ಮಾತು ತಾವಾಗಿಯೇ ಸಾಲುಗಟ್ಟಿ ನಿಂತಿದ್ದವು.

ಪಕ್ಕದ ಸೀಟಿನಲ್ಲಿ ಕಾನ್ಪುರದ ನಿವೃತ್ತ ಇತಿಹಾಸ ಮೇಷ್ಟ್ರೊಬ್ಬರಿದ್ದರು. ಮಾಮಾನ ಕನ್ನಡದಲ್ಲಿ ಅವರಿಗೆ ತಿಳಿದದ್ದು ಹ್ಯಾವ್‌ಲಾಕ್ ಎಂಬ ಪದವೊಂದೇ. ಅಷ್ಟು ಸಾಕಾಯಿತು. ಹಿಂದಿಯಲ್ಲಿ, ಬಲು ಸೌಜನ್ಯದಿಂದ, ಆ ಜನರಲ್ 1857ರ ಜುಲೈನಲ್ಲಿ ತಮ್ಮೂರಿಗೂ ಬಂದಿದ್ದನೆಂದೂ, ಅವನ ಬೆನ್ನಿಗೆ ಬಂದ ಜೇಮ್ಸ್ ನೀಲ್ ಎಂಬವನು ಅಲಹಾಬಾದು, ಕಾನ್ಪುರಗಳಲ್ಲಿ ಜನರನ್ನು ಗಲ್ಲಿಗೇರಿಸಿದ ಬಗೆಯನ್ನು ಇಂದಿಗೂ ಅಲ್ಲಿಯವರು ಮರೆತಿಲ್ಲವೆಂದೂ, ಪಕ್ಕದ ದ್ವೀಪಕ್ಕೆ ಇಟ್ಟಿದ್ದದ್ದು ಆ ನೀಲನ ಹೆಸರೇ ಎಂದೂ ತಿಳಿಸಿದರು. "ಜನರಲ್ ಸಾಹೇಬರು ಪ್ರಾರ್ಥನೆ ಮಾಡಿರಬಹುದು. ನಮ್ಮೂರಿನವರಿಗೆ ತೋಪಿನ ಸದ್ದಿನಲ್ಲಿ ಕೇಳಿಸಲಿಲ್ಲ" ಎಂದರು.

ಮಾಮಾ ಕಿಟಕಿಯ ಕಡೆ ತಿರುಗಿ ಬಹಳ ಹೊತ್ತು ಕೂತರು. 2018ರಲ್ಲಿ ಹ್ಯಾವ್‌ಲಾಕಿಗೆ ಸ್ವರಾಜ್ ದ್ವೀಪವೆಂದೂ ನೀಲಿಗೆ ಶಹೀದ್ ದ್ವೀಪವೆಂದೂ ಹೊಸ ಹೆಸರಿಟ್ಟಾಗಿದೆ. ಹಡಗು ಕಟ್ಟೆಗೆ ಹತ್ತುವಾಗ ಅವರೇ ಬೋರ್ಡು ಓದಿ, "ಹೆಸರು ಬದಲಿ ಮಾಡಿದ್ದು ಛಲೋ ಆತು ಬಿಡು" ಎಂದರು. ಅದು ಎಷ್ಟನೆಯ ಮಾತೆಂದು ಹೇಳಲಿಲ್ಲ.

ರಾಧಾನಗರ ದಂಡೆಯ ಬಗ್ಗೆ ನಾನು ಹೆಚ್ಚು ಬರೆಯುವುದಿಲ್ಲ. 2004ರಲ್ಲಿ ಟೈಮ್ ಪತ್ರಿಕೆ ಅದನ್ನು ಏಷ್ಯಾದ ಅತ್ಯುತ್ತಮ ದಂಡೆ ಎಂದ ಮೇಲೆ ಬಂದು ಹೋದವರೆಲ್ಲ ಬರೆದಿದ್ದಾರೆ. ಅಲ್ಲಿ ಎರಡು ಸಂಗತಿ ನಡೆದವು, ಅಷ್ಟನ್ನು ಹೇಳಿದರೆ ಸಾಕು. ಒಂದು, ಮಾಮಾನಿಗೆ ಮರಳಿನಲ್ಲಿ ಒಂದು ಚಂದದ ಶಂಖ ಸಿಕ್ಕಿತು. ಬಿಳಿ ಮೈಗೆ ಕಂದು ಗೆರೆ, ನಿಂಬೆಹಣ್ಣಿನಷ್ಟು ಗಾತ್ರ. ಎತ್ತಿ ನೋಡಿದರು, ಅಲುಗಾಡಿಸಿದರು, ಕಿವಿಗಿಟ್ಟುಕೊಂಡರು. ಅವರ ಮುಖದಲ್ಲಿ ಈಸ್ಟರ್ ಉದಯಿಸಿತು. "ಖಾಲಿ ಐತಿ! ಖಾಲಿ ಸಮಾಧಿ, ತಮ್ಮಾ! ಪುನರುತ್ಥಾನದ ಭಾನುವಾರ ಸಂಡೇ ಸ್ಕೂಲಿನ ಹುಡುಗರ ಮುಂದ ಇದನ್ನ ಹಿಡದು ತೋರಸ್ತೇನಿ. ಆತನು ಇಲ್ಲಿ ಇಲ್ಲ!" ಎಂದು ಪ್ಯಾಂಟಿನ ಜೇಬಿಗಿಳಿಸಿದರು.

ಇನ್ನೊಂದು ಸಂಗತಿ ಸಣ್ಣದು. ಸಂಜೆ ಐದೂಕಾಲಿಗೇ ಸೂರ್ಯ ಇಳಿಯುತ್ತಿದ್ದ. ಮಾಮಿ ಚಪ್ಪಲಿ ಬಿಟ್ಟು, ಸೀರೆ ಎತ್ತಿ ಕಟ್ಟಿ, ತೆರೆ ಬಂದು ಮುಟ್ಟುವ ಕಡೆ ಕೂತಿದ್ದರು. ಹುಟ್ಟಿದ್ದು ಗದಗಿನ ಎರೆಹೊಲದ ಸೀಮೆ, ಬಾಳಿದ್ದು ಧಾರವಾಡ. ನೀರನ್ನು ಕೊಡದ ಲೆಕ್ಕದಲ್ಲಿ ಅಳೆದವರು ಅವರು. ಒಂದಷ್ಟು ಹೊತ್ತು ಸುಮ್ಮನಿದ್ದು, "ಏನ್ರೀ, ಪ್ರಕಟನೆ ಪುಸ್ತಕದ ಕಡೀಕ ಹೊಸ ಆಕಾಶ ಹೊಸ ಭೂಮಿ ಬರತಾವಲ್ಲ, ಅಲ್ಲೆ ಸಮುದ್ರ ಇರಂಗಿಲ್ಲಂತ ಐತಿ. ಇಷ್ಟ ಚಂದ ಇರೂದನ್ನ ದೇವರು ಯಾಕ ತಗದು ಹಾಕತಾನ?" ಎಂದರು.

ಇಷ್ಟು ವರ್ಷಗಳಲ್ಲಿ ಮಾಮಾನಿಗೆ ಯಾರೂ ಪ್ರಶ್ನೆ ಕೇಳಿರಲಿಲ್ಲ. ಅವರ ಪ್ರಸಂಗಗಳಲ್ಲಿ ಪ್ರಶ್ನೆಯನ್ನೂ ಅವರೇ ಕೇಳಿ ಉತ್ತರವನ್ನೂ ಅವರೇ ಕೊಡುವ ಏರ್ಪಾಡು. "ಅದು... ಸಮುದ್ರ ಅಂದ್ರ ಅಲ್ಲೆ ಆತ್ಮಿಕ ಅರ್ಥ..." ಎಂದು ಶುರುಮಾಡಿ, ವ್ಯಾಖ್ಯಾನ ನೋಡಲು ಫೋನು ತೆಗೆದರು. ಸಿಗ್ನಲ್ ಇರಲಿಲ್ಲ. ಫೋನನ್ನು ಎತ್ತಿ ಹಿಡಿದು ದಂಡೆಯುದ್ದಕ್ಕೂ ಓಡಾಡಿದರು. ದೂರದಿಂದ ನೋಡಿದವರಿಗೆ ಯಾರೋ ಭಕ್ತರು ಕೈಯೆತ್ತಿ ಪ್ರಾರ್ಥಿಸುತ್ತಿದ್ದಾರೆ ಅನ್ನಿಸಿರಬೇಕು.

ಆ ರಾತ್ರಿ ಖಾಲಿ ಸಮಾಧಿ ನಡೆಯತೊಡಗಿತು. ಹೊರಗೆ ತೆಗೆದು ಸತ್ಯವೇದದ ಮೇಲಿಟ್ಟು ಮಲಗಿದ್ದರಂತೆ. ನಡುರಾತ್ರಿ ಕರಕರ ಸದ್ದು ಕೇಳಿ ಮಾಮಾ ದೀಪ ಹಾಕಿದರೆ ಶಂಖಕ್ಕೆ ಕೆಂಪು ಕಾಲುಗಳು ಬಂದಿದ್ದವು. ಅದು ಸತ್ಯವೇದದಿಂದಿಳಿದು, ಮೇಜಿನ ಮೇಲಿನ ಬಿಸ್ಕತ್ತಿನ ಪೊಟ್ಟಣದ ಕಡೆ ಹೊರಟಿತ್ತು. ಬೇರೆ ಜೀವಿ ಬಿಟ್ಟುಹೋದ ಶಂಖದಲ್ಲಿ ಬಿಡಾರ ಹೂಡುವ ಸನ್ಯಾಸಿ ಏಡಿ ಅದು. ಅಂಡಮಾನಿನ ದಂಡೆಗಳಲ್ಲಿ ಎಡವಿದರೆ ಸಿಗುತ್ತದೆ. ಮಾಮಾ ಕೂಗಿಕೊಂಡದ್ದು ಪಕ್ಕದ ಕೋಣೆಯಲ್ಲಿದ್ದ ನನಗೂ ಕೇಳಿಸಿತು. "ಏನಾತ್ರಿ?" ಎಂದು ಹೋದರೆ ಮಾಮಿ ಮಂಚದ ಮೇಲೆ ಕೂತು ನಗು ತಡೆಯಲಾರದೆ, "ಪುನರುತ್ಥಾನ ಆತಪಾ" ಎಂದರು.

ನಸುಕಿನಲ್ಲಿ ಮಾಮಾ ತಾವೇ ಅದನ್ನು ಒಯ್ದು ದಂಡೆಗೆ ಬಿಟ್ಟುಬಂದರು. ವಾಪಸು ಬರುವಾಗ ಅವರ ಹೆಜ್ಜೆಯಲ್ಲಿ ಹುರುಪಿತ್ತು. "ಬಾಡಿಗಿ ಮನಿ, ತಮ್ಮಾ. ಈ ಶರೀರ ಅನ್ನೂದು ಬಾಡಿಗಿ ಮನಿ. ಇದರಾಗ ಮೂರು ಮಾತು..." ಅಂಥ ರಾತ್ರಿಯನ್ನೂ ವ್ಯರ್ಥ ಮಾಡದ ಆ ಮಿತವ್ಯಯಕ್ಕೆ ನಾನು ತಲೆಬಾಗುತ್ತೇನೆ.

ಈಗ ಸ್ಕೂಬಾ. ಮಾಮಾ ಸ್ಕೂಬಾ ಮಾಡುತ್ತಾರೆಂದು ಯಾರೂ ಎಣಿಸಿರಲಿಲ್ಲ. ಆದರೆ ಸಮುದ್ರದಾಳದಲ್ಲಿರುವ ದೇವರ ಸೃಷ್ಟಿಯನ್ನು ಕಂಡು ಬಂದು ಸಾಕ್ಷಿ ಹೇಳುವ ಆಸೆ ಅವರನ್ನು ದೂಡಿತು. ಬಿ.ಪಿ. ಇಲ್ಲ, ಉಬ್ಬಸ ಇಲ್ಲ ಎಂದು ಫಾರ್ಮಿಗೆ ಸಹಿ ಹಾಕಿ, ಮೈಗಂಟುವ ಕರಿ ರಬ್ಬರ್ ಉಡುಪು ತೊಟ್ಟು ನಿಂತರು. ಅಂಚೆ ಇಲಾಖೆಯ ಘನತೆಗೆ ಆ ಉಡುಪು ಎಲ್ಲೆಲ್ಲಿ ಧಕ್ಕೆ ತಂದಿತೆಂದು ವರ್ಣಿಸುವುದು ಬೇಡ. ಉಸಿರಾಡುವ ಕೊಳವೆಯನ್ನು ಹಲ್ಲಿನಲ್ಲಿ ಕಚ್ಚಿಸಿದರು. ಮೂಗು ಮುಚ್ಚಿತು. ಹುಟ್ಟಿದಂದಿನಿಂದ ಮೊದಲ ಬಾರಿಗೆ ಮಾಮಾ ಎಚ್ಚರವಿದ್ದೂ ಮಾತಾಡದ ಸ್ಥಿತಿಗೆ ಬಂದರು. ದಂಡೆಯಲ್ಲಿ ಕೂತ ಮಾಮಿ ಆ ನಿಶ್ಶಬ್ದವನ್ನು ಕಣ್ತುಂಬ ನೋಡಿದರು.

ನೀರಿನೊಳಗೆ ಮಾತಿಲ್ಲ, ಸನ್ನೆ ಮಾತ್ರ. ಹೆಬ್ಬೆರಳು ತೋರುಬೆರಳು ಕೂಡಿಸಿ ಉಂಗುರ ಮಾಡಿದರೆ 'ಎಲ್ಲಾ ಸರಿ'. ಹೆಬ್ಬೆರಳು ಮೇಲೆತ್ತಿದರೆ 'ಮೇಲಕ್ಕೆ ಹೋಗೋಣ'. ಕಲಿಸುವ ಹುಡುಗ ಇದನ್ನು ಹಿಂದಿಯಲ್ಲಿ ಹೇಳಿದ್ದ. ಮಾಮಾ ಆಗ ಕಣ್ಣು ಮುಚ್ಚಿ ಪ್ರಾರ್ಥಿಸುತ್ತಿದ್ದರು. ಕೆಳಗಿಳಿದು ಮೊದಲ ಹವಳದ ದಿಬ್ಬ ಕಂಡದ್ದೇ, ನೀಲಿ ಹಳದಿ ಮೀನುಗಳು ಮುಖದ ಮುಂದೆ ಹಾದದ್ದೇ, ಮಾಮಾನ ಹೃದಯ ಉಕ್ಕಿ ಬಂದು 'ಸ್ತೋತ್ರ' ಎನ್ನಲು ಬಾಯಿಲ್ಲದೆ ಹೆಬ್ಬೆರಳನ್ನು ಆಕಾಶದತ್ತ ಎತ್ತಿದರು. ಹುಡುಗ ತಕ್ಷಣ ಕೊರಳಪಟ್ಟಿ ಹಿಡಿದು ಅವರನ್ನು ಮೇಲಕ್ಕೆ ತಂದ. "ಏನಾಯಿತು ಅಂಕಲ್?" "ಏನೂ ಇಲ್ಲಪಾ, ಭಾಳ ಚಂದ ಐತಿ!" ಮತ್ತೆ ಇಳಿದರು. ಈ ಬಾರಿ ಕಡಲ ಹೂವಿನ ನಡುವೆ ಕೋಡಂಗಿ ಮೀನು. ಮತ್ತೆ ಉಕ್ಕಿ ಬಂತು, ಮತ್ತೆ ಹೆಬ್ಬೆರಳು, ಮತ್ತೆ ಮೇಲಕ್ಕೆ. ಹುಡುಗ ಈಗ ಕೈಸನ್ನೆಯನ್ನೆಲ್ಲ ಮೊದಲಿಂದ ಹೇಳಿಕೊಟ್ಟು, ಮೂರನೆಯ ಸಲ ಇಳಿಸಿ, ಮಾಮಾನ ಬಲಗೈಯನ್ನು ತಾನೇ ಹಿಡಿದುಕೊಂಡ. ಮಾಮಾ ಎಡಗೈ ಎತ್ತಿದರು.

ಸ್ಕೂಬಾದ ಫೋಟೋಗಳನ್ನು ನಾನು ಮನೆಯವರ ವಾಟ್ಸಾಪ್ ಗುಂಪಿಗೆ ಕಳಿಸಿದ್ದೇ ತಡ, ಹುಬ್ಬಳ್ಳಿಯಿಂದ ಮಾಮಿಯ ತಮ್ಮನ ಫೋನು ಬಂತು. ಇವರು ಪೆಂತೆಕೊಸ್ತಿನವರು. ನಮ್ಮ ಸಿಎಸ್‌ಐ ಸಭೆಯಲ್ಲಿ ಕೂಸಿನ ಹಣೆಗೆ ನಾಲ್ಕು ಹನಿ ನೀರು ಬಿಟ್ಟು ದೀಕ್ಷಾಸ್ನಾನ ಕೊಡುತ್ತಾರೆ. ಅವರ ಪ್ರಕಾರ ಅದು ಸ್ನಾನವೇ ಅಲ್ಲ, ಪೂರ್ತಿ ಮುಳುಗಬೇಕು. ಈ ಒಂದು ವಿಷಯಕ್ಕೆ ಭಾವ ಮೈದುನರ ನಡುವೆ ಎಷ್ಟೋ ಕ್ರಿಸ್‌ಮಸ್ ಊಟಗಳು ತಣ್ಣಗಾಗಿವೆ. "ಸ್ತೋತ್ರ ಭಾವಾ! ಕಡೀಗೂ ಮುಳಿಗಿದ್ರೆಲ್ಲ!" ಎಂದರು ಆ ಕಡೆಯಿಂದ.

"ಏ, ಅದು ಸ್ಕೂಬಾ ಅಪಾ."

"ಎಷ್ಟು ಸಲ ಮುಳಿಗಿದ್ರಿ?"

"ಮೂರು ಸಲ."

"ತಂದೆ, ಮಗ, ಪವಿತ್ರಾತ್ಮನ ಹೆಸರಿನ್ಯಾಗ! ನಾ ಇಲ್ಲೆ ಸಭಾದಾಗ ಹೇಳಿಬಿಡ್ತೇನಿ."

ಮಾಮಾ ಸಂಜೆವರೆಗೆ ಈ ಫೋನಿನ ಬಗ್ಗೆ ಒಬ್ಬರೇ ವಾದ ಮಾಡಿಕೊಂಡರು. ಪಾದ್ರಿ ಇರಲಿಲ್ಲ, ಹೆಸರು ಹೇಳಿ ಮುಳುಗಿಸಲಿಲ್ಲ, ಮೇಲಾಗಿ ಅದಕ್ಕೆ ರಸೀದಿ ಇತ್ತು.

ನೀಲ್ ದ್ವೀಪವನ್ನು ಬೇಗ ದಾಟುತ್ತೇನೆ. ಪೂರ್ವ ಬಂಗಾಳದಿಂದ ಬಂದು ನೆಲೆಸಿದ ನಿರಾಶ್ರಿತರು ಇಲ್ಲಿನ ದಂಡೆಗಳಿಗೆ ಭರತಪುರ, ಲಕ್ಷ್ಮಣಪುರ, ಸೀತಾಪುರ ಎಂದು ಹೆಸರಿಟ್ಟಿದ್ದಾರೆ. ಮನೆ ಬಿಟ್ಟು ಬಂದವರಿಗೆ ವನವಾಸದ ಕಥೆ ನೆನಪಾದದ್ದು ಸಹಜವೇ. ಮಾಮಾ ಲಕ್ಷ್ಮಣಪುರದ ದಂಡೆಯಲ್ಲಿ ಕೂತು ಇಸ್ರಾಯೇಲ್ಯರ ಅರಣ್ಯಪ್ರಯಾಣವನ್ನು ಎತ್ತಿಕೊಂಡರು. ಎಳನೀರು ಮಾರುವ ಮುದುಕಿ ಒಂದಕ್ಷರ ತಿಳಿಯದಿದ್ದರೂ ತಲೆದೂಗಿ, ಎರಡು ಕಾಯಿ ಹೆಚ್ಚಿಗೆ ಕೊಚ್ಚಿ ಕೈಗಿಟ್ಟು, ಎರಡರ ದುಡ್ಡನ್ನೂ ಎಣಿಸಿಕೊಂಡಳು.

ರಾಸ್ ದ್ವೀಪದಲ್ಲಿ ಮಾಮಾನಿಗೆ ಎದುರಾದದ್ದು ಬಿದ್ದುಹೋದ ದೇವಾಲಯ. 1858ರಿಂದ ಬ್ರಿಟಿಷರ ಆಡಳಿತವೆಲ್ಲ ನಡೆದದ್ದು ಈ ಸಣ್ಣ ತುಂಡಿನಿಂದ. ಬೇಕರಿ, ಟೆನಿಸ್ ಅಂಕಣ, ಪ್ರೆಸ್ಬಿಟೇರಿಯನ್ ಚರ್ಚು, ಎಲ್ಲವೂ ಇದ್ದವು. 1941ರ ಭೂಕಂಪ, ಮರುವರ್ಷ ಜಪಾನಿನ ದಂಡು. ಆಮೇಲೆ ಕಾಡು ಬಂದು ಸುಮ್ಮನೆ ಕೆಲಸ ಮುಗಿಸಿತು. ಚರ್ಚಿನ ಗೋಡೆಗಳನ್ನು ಆಲದ ಬಳಗದ ಮರಗಳ ಬೇರು ಹೆಣೆದು ಹಿಡಿದಿವೆ, ಕೆಳಗೆ ಜಿಂಕೆ ಮಲಗಿರುತ್ತವೆ. ಆಲ, ಅತ್ತಿ, ಅಂಜೂರ ಎಲ್ಲ ಒಂದೇ ಕುಲ. ಯೇಸು ಶಪಿಸಿದ ಅಂಜೂರದ ಮರ ಬುಡಸಹಿತ ಒಣಗಿತೆಂದು ಸುವಾರ್ತೆಯಲ್ಲಿದೆ. ಅದರ ದಾಯಾದಿಗಳು ಇಲ್ಲಿ ಲೆಕ್ಕ ತೀರಿಸಿಕೊಂಡಂತೆ ನನಗೆ ಕಂಡಿತು. ಇದನ್ನು ಬಾಯಿಬಿಟ್ಟು ಹೇಳಿದ್ದಕ್ಕೆ ಮಾಮಾ ನನ್ನ ಜೊತೆ ಜೆಟ್ಟಿಯವರೆಗೆ ಮಾತಾಡಲಿಲ್ಲ. ಹೀಗೆ ಮಾಡಿದರೆ ಮಾತು ನಿಲ್ಲುತ್ತದೆಂದು ಗೊತ್ತಿದ್ದರೆ ಮಾಮಿ ಎಂದೋ ಮಾಡುತ್ತಿದ್ದರು.

ಭಾನುವಾರ ಪೋರ್ಟ್ ಬ್ಲೇರಿನಲ್ಲೇ ಇದ್ದೆವು. ಸರ್ಕಾರಿ ಹೆಸರು 2024ರಿಂದ ಶ್ರೀ ವಿಜಯಪುರಂ, ಆಟೋದವರ ಬಾಯಲ್ಲಿ ಇನ್ನೂ ಬ್ಲೇರ್. ಆರಾಧನೆಗೆ ಹೋದ ಚರ್ಚಿನಲ್ಲಿ ಮುಂದಿನ ಬೆಂಚುಗಳ ತುಂಬ ನಿಕೋಬಾರಿನ ಹುಡುಗ ಹುಡುಗಿಯರು. ನಿಕೋಬಾರಿಗಳಲ್ಲಿ ಬಹುಮಂದಿ ಕ್ರೈಸ್ತರು. ಅವರದೇ ಜನಾಂಗದ ಜಾನ್ ರಿಚರ್ಡ್‌ಸನ್ ಸತ್ಯವೇದವನ್ನು ಅವರ ನುಡಿಗೆ ತಂದು, ಬಿಷಪ್ಪರಾಗಿ, 1952ರ ಮೊದಲ ಲೋಕಸಭೆಯಲ್ಲಿ ಈ ದ್ವೀಪಗಳ ನಾಮಕರಣ ಸದಸ್ಯರಾಗಿ ಕೂತವರು. ಮಾಮಾ ಇದನ್ನೆಲ್ಲ ಪಕ್ಕದವರಿಗೆ ತಿಳಿಸಲು ಸಿದ್ಧರಾಗುವಷ್ಟರಲ್ಲಿ ಆ ಮಕ್ಕಳು ಎದ್ದು ನಾಲ್ಕು ದನಿಯಲ್ಲಿ ಹಾಡತೊಡಗಿದರು. ಧಾಟಿ ಮಾಮಾನಿಗೆ ಗೊತ್ತಿದ್ದದ್ದೇ. ನಮ್ಮ ಬಾಸೆಲ್ ಮಿಷನ್ನಿನವರು ಕನ್ನಡದ ಮಾತಿಗೆ ಹೊಲಿದುಕೊಟ್ಟ ಹಳೆಯ ಜರ್ಮನ್ ರಾಗ. ಮಾಮಾ ಎದ್ದು ನಿಂತು, ಧಾರವಾಡದಲ್ಲಿ ಹಾಡುವಂತೆಯೇ, ಕನ್ನಡದಲ್ಲಿ ದನಿಗೂಡಿಸಿದರು. ಒಬ್ಬ ಹುಡುಗ ತಿರುಗಿ ನೋಡಿ ನಕ್ಕು, ಸ್ವಲ್ಪ ಸರಿದು ಅವರಿಗೆ ಜಾಗ ಮಾಡಿಕೊಟ್ಟ. ಹೊರಗೆ ಬಂದ ಮೇಲೆ ಮಾಮಾ ಚಹಾ ಕುಡಿದರು, ಕುರ್ಚಿಯ ಮೇಲೆ ಕೂತು ಇನ್ನೊಂದು ಚಹಾ ಕುಡಿದರು, ಒಂದು ಮಾತನ್ನೂ ಹೇಳಲಿಲ್ಲ. ಜ್ವರ ಬಂದಿದೆಯೇನೋ ಎಂದು ಮಾಮಿ ಹಣೆ ಮುಟ್ಟಿ ನೋಡಿದರು.

ಸೆಲ್ಯುಲರ್ ಜೈಲು, ಅಂದರೆ ಕಾಳಾಪಾನಿ, ಕೊನೆಗೆ. 1896ರಲ್ಲಿ ಶುರುವಾಗಿ 1906ಕ್ಕೆ ಮುಗಿದ ಕಟ್ಟಡ. ನಡುವಿನ ಗೋಪುರದಿಂದ ಏಳು ರೆಕ್ಕೆ ಚಾಚಿದ್ದವು, ಉಳಿದಿರುವುದು ಮೂರು. ಒಂದು ರೆಕ್ಕೆಯ ಕೋಣೆಗಳ ಬಾಗಿಲು ಇನ್ನೊಂದರ ಬೆನ್ನಿಗೆ ಬರುವಂತೆ ಕಟ್ಟಿದ್ದಾರೆ. ಕೈದಿ ಇನ್ನೊಬ್ಬ ಕೈದಿಯ ಮುಖ ನೋಡಬಾರದು. ಅಂಗಳದಲ್ಲಿ ತೆಂಗಿನೆಣ್ಣೆಯ ಗಾಣ, ಎತ್ತಿನ ಜಾಗದಲ್ಲಿ ಮನುಷ್ಯ. ಸಂಜೆಯ ಬೆಳಕಿನ ಪ್ರದರ್ಶನದಲ್ಲಿ ಅಂಗಳದ ಅರಳಿಮರವೇ ಜೈಲಿನ ಕಥೆ ಹೇಳುತ್ತದೆಂದು ಟಿಕೆಟ್ ಕೊಡುವವನು ಹೇಳಿದಾಗ ಮಾಮಾನ ಮುಖದಲ್ಲಿ ಸಣ್ಣ ಅಸೂಯೆ ಹಾದದ್ದನ್ನು ನಾನು ಕಂಡೆ. ಮರಕ್ಕೂ ಪ್ರಸಂಗಪೀಠ ಸಿಕ್ಕಿತ್ತು.

ಗೋಪುರದ ಮೇಲೆ ಹತ್ತಿದೆವು. ಮೂರು ದಿಕ್ಕಿಗೂ ನೀರು, ಅದೇ ಚಂದದ ನೀರು. ಮಾಮಾ ಪತ್ಮೊಸ್ ದ್ವೀಪವನ್ನು ತೆಗೆದರು. ರೋಮಿನವರು ಯೋಹಾನನನ್ನು ಗಡೀಪಾರು ಮಾಡಿದ್ದು, ಅಲ್ಲಿ ಅವನಿಗೆ ದರ್ಶನಗಳಾಗಿ ಪ್ರಕಟನೆ ಪುಸ್ತಕ ಹುಟ್ಟಿದ್ದು. "ಏಕಾಂತದಾಗ ದೇವರು ಮಾತಾಡತಾನ. ಮೊದಲನೇದು..."

"ಅದಕ್ಕ ಮತ್ತ" ಎಂದರು ಮಾಮಿ.

"ಏನು ಅದಕ್ಕ?"

"ಅದಕ್ಕ ಸಮುದ್ರ ಇರಂಗಿಲ್ಲ ಅಂತ ಬರದಾನ. ನಾವು ಹೋಗಿ ಬರೂ ಟಿಕೀಟ ಕಿಸೆದಾಗ ಇಟಗೊಂಡು ಬಂದೇವಿ, ನಮಗ ಸಮುದ್ರ ಚಂದ ಕಾಣತೈತಿ. ಅಂವಗ ಅದು ಜೇಲಿನ ಗ್ವಾಡಿ ಆಗಿತ್ತು. ಇಲ್ಲಿದ್ದವರಿಗೂ ಅಷ್ಟ. ಆ ಕಡೆ ಮನಿ, ಮಕ್ಕಳು. ನಡುವ ಇಷ್ಟು ನೀರು. ಸ್ವರ್ಗದಾಗ ಸಮುದ್ರ ಇರಂಗಿಲ್ಲ ಅಂದ್ರ ಗ್ವಾಡಿ ಇರಂಗಿಲ್ಲ ಅಂತ." ಇಷ್ಟು ಹೇಳಿ, ಬಿಸಿಲಾಯಿತೆಂದು ಸೆರಗು ತಲೆಗೆ ಎಳೆದುಕೊಂಡು ಮೆಟ್ಟಿಲಿಳಿದು ಹೋದರು.

ಮಾಮಾ ಕಿರುಡೈರಿ ತೆಗೆದರು. 'ಮೊದಲನೆಯದು' ಎಂದು ಬರೆದು, ಅದರ ಕೆಳಗೆ ಹಾಳೆ ತುಂಬ ಬರೆದರು. ಎರಡನೆಯದಕ್ಕೆ ಜಾಗ ಉಳಿಯಲಿಲ್ಲ.

ವಾಪಸಾಗುವಾಗ ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಅವರ ಚೀಲದಿಂದ ಬೆರಳುದ್ದದ ಹವಳದ ತುಂಡೊಂದು ಹೊರಬಿತ್ತು. ಖಾಲಿ ಸಮಾಧಿ ಕೈಕೊಟ್ಟ ಮೇಲೆ ಸಂಡೇ ಸ್ಕೂಲಿಗೆಂದು ಎತ್ತಿಟ್ಟುಕೊಂಡದ್ದಂತೆ. ಹವಳ ಒಯ್ಯುವುದು ವನ್ಯಜೀವಿ ಕಾಯ್ದೆಯ ಪ್ರಕಾರ ಅಪರಾಧ, ಸತ್ತ ಹವಳವಾದರೂ ಅಷ್ಟೇ. ಕಾವಲಿನ ಹೆಣ್ಣುಮಗಳು ಅದನ್ನು ತೆಗೆದು ಡಬ್ಬಿಗೆ ಹಾಕಿ, ಮುಂದಕ್ಕೆ ಹೋಗಿ ಎಂದು ಕೈ ಮಾಡಿದಳು. "ಮಾಫ್ ಮಾಡಿದಳು ನೋಡು! ಇದು ಖರೇ ಕೃಪೆ" ಎಂದರು ಮಾಮಾ, ಬೆವರು ಒರೆಸಿಕೊಳ್ಳುತ್ತ. ಎಲ್‌ಟಿಸಿಯನ್ನು ಈ ಸಲ ಹೆಸರಿಸಲಿಲ್ಲ.

ಊರಿಗೆ ಬಂದ ವಾರವೇ ಮಿಷನ್ ಕಂಪೌಂಡಿನ ಮನೆಯೊಂದರಲ್ಲಿ ಕೂಟ. ಅಯ್ಯನವರು, ಹೊರಗಿನಿಂದ ಬಂದವರು ಸಾಕ್ಷಿ ಹೇಳಬಹುದು ಎಂದು ವಾಡಿಕೆಯಂತೆ ಹೇಳಿ ಗಡಿಯಾರ ನೋಡಿಕೊಂಡರು. ಮಾಮಾ ಎದ್ದರು. ಹಡಗು, ಬಾಡಿಗೆ ಮನೆಯ ಏಡಿ, ಸಮುದ್ರದಾಳದ ಮಹಿಮೆ, ಎಲ್ಲ ಬಂತು. ಎಷ್ಟು ಸಲ ಮುಳುಗಿದರು ಎಂಬುದು ಮಾತ್ರ ಬರಲಿಲ್ಲ. ಕೊನೆಗೆ ದನಿ ಇಳಿಸಿ ಜೈಲಿನ ಗೋಪುರ ಹತ್ತಿದರು. ಪತ್ಮೊಸ್, ಕಾಳಾಪಾನಿ, ಗೋಡೆಯಾದ ಸಮುದ್ರ. ಹೇಳಿದ್ದು ಚೆನ್ನಾಗಿಯೇ ಇತ್ತು. ಮುಂದಿನ ಸಾಲಿನ ಅಜ್ಜಿಯೊಬ್ಬರು ಕಣ್ಣೊರೆಸಿಕೊಂಡರು. ಯಾವಾಗಲೂ ತೂಕಡಿಸುವ ಖಜಾಂಚಿ ಎದ್ದು ಕೂತಿದ್ದರು. ಅಯ್ಯನವರೂ ಗಡಿಯಾರ ಮರೆತು ಕೇಳುತ್ತಿದ್ದರು.

"ಆ ಗೋಪುರದ ಮ್ಯಾಲ ನಿಂತಾಗ, ಪ್ರಿಯರೇ, ಕರ್ತನು ನನ್ನ ಕಿವ್ಯಾಗ ಸಣ್ಣ ದನೀಲೆ ಈ ಮಾತು ಹೇಳಿದ."

ಹೆಂಗಸರ ಚಾಪೆಯ ಹಿಂದಿನ ಮೂಲೆಯಲ್ಲಿ ಚಹಾದ ಕಪ್ಪುಗಳನ್ನು ಜೋಡಿಸುತ್ತಿದ್ದ ಮಾಮಿ ತಲೆ ಎತ್ತದೆ, "ಕರ್ತ ಅಲ್ರೀ, ನಾನು" ಎಂದರು.

ರೂಢಿಯ ಬಲದಿಂದ ಖಜಾಂಚಿ ಗಟ್ಟಿಯಾಗಿ ಆಮೆನ್ ಅಂದುಬಿಟ್ಟರು.